ಕಿವಿಯ ಮೇಲೊಂದು ಮೆಂತ್ಯದ ಕಾಳು

ಕೃಷ್ಣರಾಜಪುರದಲ್ಲಿ ಬೆಳಗಿನ ಹೊತ್ತು ಮೆಟ್ರೊ ಹತ್ತಿದರೆ ಸೀಟು ಸಿಗುವುದು ಕಷ್ಟ. ನಿಂತೇ ಹೋಗಬೇಕು. ನಿಂತವರಿಗೆ ಕೂತವರ ಮುಖಕ್ಕಿಂತ ಕಿವಿಗಳೇ ಚೆನ್ನಾಗಿ ಕಾಣುತ್ತವೆ. ಹೆಚ್ಚಿನ ಕಿವಿಗಳಲ್ಲಿ ಇಯರ್‌ಫೋನ್ ತುರುಕಿರುತ್ತದೆ. ಹಾಗೆ ನಿಂತಿದ್ದ ಒಂದು ದಿನ, ಐವತ್ತರ ಆಸುಪಾಸಿನ ಹೆಂಗಸೊಬ್ಬರ ಎಡಗಿವಿಯ ಮೇಲ್ಭಾಗದಲ್ಲಿ ಮೂರು ಚೂರು ಬಿಳಿ ಪ್ಲಾಸ್ಟರ್ ಕಂಡವು. ಒಂದೊಂದರ ನಡುವೆಯೂ ಪುಟ್ಟ ಉಬ್ಬು.

“ಏನಕ್ಕಾ, ಕಿವಿಗೆ ಪೆಟ್ಟಾಯ್ತಾ?”

“ಇಲ್ಲಣ್ಣ, ಮೆಂತ್ಯದ ಕಾಳು. ಮಂಡಿ ನೋವಿಗೆ ಅಂಟಿಸ್ಕೊಂಡಿದೀನಿ. ದಿನಕ್ಕೆ ಮೂರ್ನಾಕು ಸಲ ಒತ್ಕೋಬೇಕಂತೆ.”

“ಕಮ್ಮಿ ಆಯ್ತಾ?”

ಆಕೆ ಮಂಡಿಯನ್ನೊಮ್ಮೆ ಚಾಚಿ, ಮಡಚಿ ನೋಡಿಕೊಂಡರು. “ಕಮ್ಮಿ ಆದಂಗೇ ಅನ್ಸುತ್ತೆ.”

ಈ ಅಧ್ಯಾಯ ಇರುವುದು ಆ ಕೊನೆಯ ಮಾತಿನ ಬಗ್ಗೆ. ಆದಂಗೇ ಅನ್ಸುತ್ತೆ. ಆಗಿದೆಯೋ, ಅನಿಸುತ್ತಿದೆಯೋ? ಎರಡಕ್ಕೂ ವ್ಯತ್ಯಾಸ ಎಷ್ಟು? ಮಂಡಿಗೂ ಕಿವಿಗೂ ಎತ್ತಣಿಂದೆತ್ತ ಸಂಬಂಧ? ಬೆಂಗಳೂರಿನ ಪೂರ್ವ ಭಾಗದ ಯಾವ ಬಡಾವಣೆಗೆ ಹೋದರೂ ಆಕ್ಯುಪ್ರೆಷರ್, ಸುಜೋಕ್, ಬೀಜ ಚಿಕಿತ್ಸೆ ಎಂಬ ಬೋರ್ಡುಗಳು ಕಾಣುತ್ತವೆ. ಮನೆಯಲ್ಲೇ ಮಾಡಿಕೊಳ್ಳಿ ಎಂದು ಕಲಿಸುವವರೂ ಇದ್ದಾರೆ. ಮಾಡಿಕೊಳ್ಳುವ ಮುಂಚೆ ಕಿವಿಯನ್ನೇ ಒಮ್ಮೆ ವಿಚಾರಿಸಿಕೊಳ್ಳೋಣ.

ಬರೆ ಬಿದ್ದ ಕಿವಿ

ಕಿವಿ ಒತ್ತುವ ವಿದ್ಯೆಗೆ ಸಾವಿರಾರು ವರ್ಷಗಳ ಚೀನಾ ಪರಂಪರೆ ಇದೆ ಎಂದು ನಂಬಿದವರು ಬಹಳ. ಚೀನಾದ ಹಳೆಯ ವೈದ್ಯಗ್ರಂಥಗಳಲ್ಲಿ ಕಿವಿಯ ಪ್ರಸ್ತಾಪ ಇರುವುದೇನೋ ನಿಜ. ಆದರೆ ಚಿಕಿತ್ಸಾಲಯದ ಗೋಡೆಯ ಮೇಲೆ ತೂಗುಹಾಕಿರುವ, ಕಿವಿಯ ತುಂಬ ಚುಕ್ಕಿಗಳಿರುವ ಆ ನಕ್ಷೆ ಹುಟ್ಟಿದ್ದು ಫ್ರಾನ್ಸಿನಲ್ಲಿ, ಇಪ್ಪತ್ತನೆಯ ಶತಮಾನದಲ್ಲಿ.

ಲಿಯಾನ್ ಊರಿನ ವೈದ್ಯ ಪಾಲ್ ನೋಜಿಯೆ 1950ರ ದಶಕದ ಆರಂಭದಲ್ಲಿ ಒಂದು ವಿಚಿತ್ರ ಗಮನಿಸಿದರು. ಸೊಂಟದಿಂದ ಕಾಲಿಗೆ ಇಳಿಯುವ ಸಯಾಟಿಕಾ ನೋವಿನ ಕೆಲವು ರೋಗಿಗಳ ಕಿವಿಯಲ್ಲಿ, ಒಂದೇ ಜಾಗದಲ್ಲಿ, ಸುಟ್ಟ ಗುರುತು ಇತ್ತು. ವಿಚಾರಿಸಿದಾಗ ತಿಳಿದದ್ದು: ಮಾರ್ಸೇಲ್ಸ್‌ನಲ್ಲಿ ಮದಾಂ ಬಾರೆಂ ಎಂಬ ನಾಟಿವೈದ್ಯೆ ಹಾಗೆ ಕಿವಿ ಸುಟ್ಟು ನೋವು ಇಳಿಸುತ್ತಾರೆ. ನಮ್ಮ ಹಳ್ಳಿಗಳ ಕಡೆ ಕಾಮಾಲೆಗೂ ಹೊಟ್ಟೆನೋವಿಗೂ ಬರೆ ಹಾಕುತ್ತಾರಲ್ಲ, ಅದೇ ಜಾತಿಯ ಮದ್ದು. ನೋಜಿಯೆ ನಗಲಿಲ್ಲ. ಬರೆಯ ಬದಲು ಸೂಜಿ ಚುಚ್ಚಿ ನೋಡಿದರು. ಆಮೇಲೆ ಕಿವಿಯ ಆಕಾರವನ್ನೇ ದಿಟ್ಟಿಸುತ್ತ ಕೂತರು. ಓಲೆ ಹಾಕುವ ಮೆತ್ತನೆಯ ಹಾಲೆ ತಲೆಯಂತೆ, ಒಳಗಿನ ದಿಂಡು ಬೆನ್ನೆಲುಬಿನಂತೆ, ಮೇಲಿನ ತಗ್ಗು ಕಾಲಿನಂತೆ ಕಂಡಿತು. ಗರ್ಭದಲ್ಲಿ ತಲೆಕೆಳಗಾಗಿ ಮುದುಡಿಕೊಂಡ ಕೂಸು! ಹಾಗಿದ್ದರೆ ಹಾಲೆ ಒತ್ತಿದರೆ ತಲೆಗೆ, ದಿಂಡು ಒತ್ತಿದರೆ ಬೆನ್ನಿಗೆ ತಲುಪಬೇಕು ಎಂದು ಅವರ ಲೆಕ್ಕ.

1956ರಲ್ಲಿ ಮಾರ್ಸೇಲ್ಸ್‌ನ ಸಮ್ಮೇಳನದಲ್ಲಿ ಇದನ್ನು ಮಂಡಿಸಿದರು. ಮರುವರ್ಷ ಜರ್ಮನಿಯ ಆಕ್ಯುಪಂಕ್ಚರ್ ಪತ್ರಿಕೆಯಲ್ಲಿ ಅಚ್ಚಾಯಿತು. 1958ರ ಹೊತ್ತಿಗೆ ಸುದ್ದಿ ಚೀನಾ ಮುಟ್ಟಿತು. ಅಲ್ಲಿ ನಾನ್‌ಜಿಂಗ್‌ನ ಸೇನಾ ವೈದ್ಯರು ಇದನ್ನು ಕೈಗೆತ್ತಿಕೊಂಡು ತಮ್ಮದೇ ಚುಕ್ಕಿಗಳನ್ನು ಸೇರಿಸಿದರು. ಹೀಗೆ ಫ್ರಾನ್ಸಿನ ಬರೆ ಚೀನಾ ಸುತ್ತಿ ಬಂದು ಕೃಷ್ಣರಾಜಪುರದ ಮೆಂತ್ಯವಾಯಿತು. ಚೀನಾದಲ್ಲಿ ಅಂಟಿಸುವುದು ವಾಕೇರಿಯಾ ಎಂಬ ಗಿಡದ ಕಪ್ಪು ಬೀಜ. ನಮ್ಮ ಅಡುಗೆಮನೆಯಲ್ಲಿ ಅದು ಎಲ್ಲಿಂದ ಬರಬೇಕು? ಸಾಸಿವೆ, ಮೆಂತ್ಯ, ಹೆಸರುಕಾಳು ಆ ಕೆಲಸಕ್ಕೆ ನಿಂತವು.

ನಕ್ಷೆಯಲ್ಲಿ ಗೆರೆ, ನೆಲದಲ್ಲಿ ಹಳಿ

ಕೂಸಿನ ಹೋಲಿಕೆ ಸೊಗಸಾಗಿದೆ. ತೊಂದರೆ ಏನೆಂದರೆ, ಕಿವಿ ಹುಟ್ಟುವ ಕ್ರಮಕ್ಕೂ ಅದಕ್ಕೂ ಹೊಂದಿಕೆಯಿಲ್ಲ. ಗರ್ಭದ ಆರನೆಯ ವಾರದ ಸುಮಾರಿಗೆ, ಭ್ರೂಣದ ಕತ್ತಿನ ಪಕ್ಕದಲ್ಲಿ ಆರು ಪುಟ್ಟ ಗುಬ್ಬಿಗಳು ಏಳುತ್ತವೆ. ಮೊದಲು ಗುರುತಿಸಿದ ವಿಲ್ಹೆಲ್ಮ್ ಹಿಸ್ ಹೆಸರಿನಲ್ಲೇ ಅವನ್ನು ಕರೆಯುವುದು ರೂಢಿ. ಮೂರು ಗುಬ್ಬಿ ಕೆಳದವಡೆ ಆಗಲಿರುವ ಭಾಗದಿಂದ, ಮೂರು ಅದರ ಹಿಂದಿನ ಭಾಗದಿಂದ. ಈ ಆರೂ ಸೇರಿ, ಬೆಸೆದು, ಮೇಲಕ್ಕೆ ಸರಿದು ಹೊರಕಿವಿ ಆಗುತ್ತದೆ. ಮಂಡಿ, ಮೂತ್ರಪಿಂಡ, ಯಕೃತ್ತುಗಳ ಪ್ರತಿನಿಧಿಗಳು ಯಾರೂ ಈ ಸಭೆಗೆ ಬರುವುದಿಲ್ಲ. ಮೋಡದಲ್ಲಿ ಆನೆ ಕಂಡಂತೆ ಕಿವಿಯಲ್ಲಿ ಕೂಸು ಕಾಣುವುದು ನೋಡುವವನ ಕಣ್ಣಿನ ಕೆಲಸ.

ಇನ್ನೊಂದು ಪರೀಕ್ಷೆ ಇನ್ನೂ ಸುಲಭ. ಫ್ರೆಂಚ್ ನಕ್ಷೆಯನ್ನೂ ಚೀನಾ ನಕ್ಷೆಯನ್ನೂ ಅಕ್ಕಪಕ್ಕ ಇಟ್ಟು ಮಂಡಿ ಎಲ್ಲಿದೆ ಎಂದು ಹುಡುಕಿ. ಫ್ರೆಂಚರಲ್ಲಿ ಅದು ಕಿವಿಯ ಮೇಲ್ಭಾಗದ ತ್ರಿಕೋನದ ತಗ್ಗಿನೊಳಗೆ. ಚೀನೀಯರಲ್ಲಿ ಆ ತಗ್ಗಿನ ಪಕ್ಕದ ದಿಂಡಿನ ಮೇಲೆ. ಒಬ್ಬ ಮನುಷ್ಯನ ಒಂದು ಕಿವಿಯಲ್ಲಿ ಒಂದೇ ಮಂಡಿಗೆ ಎರಡು ವಿಳಾಸ! ಈ ಗೊಂದಲ ಎಷ್ಟಿತ್ತೆಂದರೆ ವಿಶ್ವ ಆರೋಗ್ಯ ಸಂಸ್ಥೆ 1990ರಲ್ಲಿ ಲಿಯಾನ್‌ನಲ್ಲೇ ಸಭೆ ಕರೆದು ಚುಕ್ಕಿಗಳ ಹೆಸರುಗಳನ್ನು ಒಂದು ಹದಕ್ಕೆ ತರಲು ಕೂರಬೇಕಾಯಿತು. ಹೆಸರು ಹೊಂದಿಸಿದ ಮಾತ್ರಕ್ಕೆ ಚುಕ್ಕಿ ಕೆಲಸ ಮಾಡುತ್ತದೆಂದು ಸಾಬೀತಾಗುವುದಿಲ್ಲ, ಬಿಡಿ.

ನಮ್ಮೂರಿನವರಿಗೆ ಇದು ಬೇಗ ಅರ್ಥವಾಗುತ್ತದೆ. 2023ರ ಮಾರ್ಚ್ 25ರಂದು ವೈಟ್‌ಫೀಲ್ಡಿನಿಂದ ಕೃಷ್ಣರಾಜಪುರದವರೆಗೆ ಮೆಟ್ರೊ ಬಂತು. ಆ ಕಡೆ ಬೈಯ್ಯಪ್ಪನಹಳ್ಳಿಯಿಂದ ಮೈಸೂರು ರಸ್ತೆಯ ಕಡೆಗೆ ರೈಲು ಆಗಲೇ ಓಡುತ್ತಿತ್ತು. ನೇರಳೆ ಮಾರ್ಗದ ನಕ್ಷೆ ನೋಡಿದರೆ ಗೆರೆ ಒಂದೇ. ಆದರೆ ಕೃಷ್ಣರಾಜಪುರಕ್ಕೂ ಬೈಯ್ಯಪ್ಪನಹಳ್ಳಿಗೂ ನಡುವಿನ ಎರಡು ಕಿಲೋಮೀಟರಿನಲ್ಲಿ ರೈಲಿರಲಿಲ್ಲ. ಇಳಿದು, ಟಿನ್ ಫ್ಯಾಕ್ಟರಿಯ ಜಂಗುಳಿಯಲ್ಲಿ ಫೀಡರ್ ಬಸ್ಸು ಹಿಡಿದು, ಮತ್ತೆ ಹತ್ತಬೇಕಿತ್ತು. ಅಕ್ಟೋಬರ್ 9ರವರೆಗೆ ಇದೇ ಪಾಡು. ನಕ್ಷೆಯಲ್ಲಿ ಗೆರೆ ಇದ್ದರೆ ಸಾಲದು, ಕೆಳಗೆ ಹಳಿ ಇರಬೇಕು ಎಂಬುದನ್ನು ಆ ಆರೂವರೆ ತಿಂಗಳು ನಮ್ಮ ಕಾಲುಗಳಿಗೆ ಕಲಿಸಿತು. ಕಿವಿಯಿಂದ ಮಂಡಿಗೆ ಗೆರೆ ಎಳೆದವರನ್ನು ಕೇಳಬೇಕಾದ್ದೂ ಅದೇ: ಹಳಿ ಎಲ್ಲಿದೆ?

ದೇಹದೊಳಗೆ ಹಳಿ ಎಂದರೆ ನರ. ಕಿವಿಯಿಂದ ಮಂಡಿಗೆ ಹೋಗುವ ನರ ಯಾವುದೂ ಇಲ್ಲ. ಆದರೆ ಕಿವಿಯಿಂದ ಹೃದಯ, ಶ್ವಾಸಕೋಶ, ಹೊಟ್ಟೆಗಳ ಕಡೆ ಹೋಗುವ ಒಂದು ದಾರಿ ಇದೆ. ಕಥೆ ಸ್ವಾರಸ್ಯಕರವಾಗುವುದು ಇಲ್ಲಿಂದ.

ಕಿವಿಗೆ ಕಡ್ಡಿ ಹಾಕಿದರೆ ಕೆಮ್ಮು

ಕಿವಿಯೊಳಗೆ ಬಡ್ಸ್ ಹಾಕಿ ತಿರುಗಿಸಿದ ಕೂಡಲೇ ಖೊಕ್ ಖೊಕ್ ಎಂದು ಕೆಮ್ಮುವವರನ್ನು ನೀವು ನೋಡಿರಬಹುದು. ನೂರಕ್ಕೆ ಎರಡು–ಮೂರು ಜನರಲ್ಲಿ ಹೀಗಾಗುತ್ತದೆ. ಗಂಟಲಲ್ಲಿ ಏನೂ ಇಲ್ಲ, ತುರಿಸಿದ್ದು ಕಿವಿಯನ್ನು. ಕೆಮ್ಮು ಯಾಕೆ?

ಟಿನ್ ಫ್ಯಾಕ್ಟರಿಯಿಂದ ಆಚೆ ಹಳೆ ಮದ್ರಾಸು ರಸ್ತೆಯಲ್ಲಿ ದೂರವಾಣಿನಗರ ಇದೆ. 1948ರಲ್ಲಿ ಶುರುವಾದ ಐಟಿಐ ಕಾರ್ಖಾನೆಯಿಂದ ಆ ಹೆಸರು. ದೇಶದ ಮೂಲೆಮೂಲೆಯ ಜನ ಕಿವಿಗೆ ಒತ್ತಿಕೊಂಡ ಕಪ್ಪು ಫೋನುಗಳು ಇಲ್ಲಿ ತಯಾರಾದವು. ಆ ಕಾಲದವರಿಗೆ ‘ಕ್ರಾಸ್ ಕನೆಕ್ಷನ್’ ಎಂದರೆ ವಿವರಿಸಬೇಕಿಲ್ಲ. ನೀವು ಅಕ್ಕನಿಗೆ ಫೋನು ಮಾಡಿದರೆ ನಡುವೆ ಯಾರದೋ ಮನೆಯ ಮದುವೆ ಮಾತುಕತೆ ಕೇಳಿಸುತ್ತಿತ್ತು. ಎರಡು ತಂತಿಗಳು ಎಕ್ಸ್‌ಚೇಂಜಿನಲ್ಲಿ ಅಕ್ಕಪಕ್ಕ ಬಂದಾಗ ಆಗುವ ಎಡವಟ್ಟು ಅದು. ಕಿವಿಯ ಕೆಮ್ಮೂ ಅಂಥದೇ. ಗಂಟಲು, ಶ್ವಾಸನಾಳಗಳ ಸುದ್ದಿಯನ್ನು ಮಿದುಳಿಗೆ ಒಯ್ಯುವ ನರಕ್ಕೆ ಕಿವಿಯಲ್ಲೂ ಒಂದು ಸಣ್ಣ ಕವಲಿದೆ. ಕಿವಿಯಿಂದ ಬಂದ ಕರೆಯನ್ನು ಮಿದುಳಕಾಂಡ ಗಂಟಲಿನದೆಂದು ತಿಳಿದು ಕೆಮ್ಮಿಸುತ್ತದೆ. ಹತ್ತೊಂಬತ್ತನೆಯ ಶತಮಾನದ ಜರ್ಮನ್ ಅಂಗರಚನಾ ವಿಜ್ಞಾನಿ ಫ್ರೀಡ್ರಿಶ್ ಆರ್ನಾಲ್ಡ್ ಇದನ್ನು ವಿವರಿಸಿದರು. ಆ ಕವಲಿಗೆ ಇಂದಿಗೂ ಆರ್ನಾಲ್ಡನ ನರ ಎಂದೇ ಹೆಸರು.

ಮೂಲ ನರದ ಹೆಸರು ವೇಗಸ್. ಲ್ಯಾಟಿನ್ನಿನಲ್ಲಿ ಅಲೆಮಾರಿ ಎಂದು ಅರ್ಥ. ಮಿದುಳಕಾಂಡದಿಂದ ಹೊರಟು ಕತ್ತು, ಎದೆ, ಹೊಟ್ಟೆಯವರೆಗೆ ಅಲೆಯುತ್ತದೆ. ಹೃದಯಕ್ಕೆ ‘ಸ್ವಲ್ಪ ನಿಧಾನ’ ಎನ್ನುವುದು, ಕರುಳಿಗೆ ‘ಕೆಲಸ ನಡೆಸು’ ಎನ್ನುವುದು ಇದೇ. ಅದರ ದಾರಿಯ ಹೆಚ್ಚಿನ ಭಾಗವೆಲ್ಲ ಒಳಗೇ ಹುದುಗಿದೆ. ಚರ್ಮದವರೆಗೆ ಬಂದು ಮುಖ ತೋರಿಸುವುದು ಕಿವಿಯಲ್ಲಿ ಮಾತ್ರ.

ಎಷ್ಟು ಜಾಗದಲ್ಲಿ? 2002ರಲ್ಲಿ ಪ್ಯೂಕರ್ ಮತ್ತು ಫಿಲ್ಲರ್ ಎಂಬ ಜರ್ಮನ್ ಸಂಶೋಧಕರು ಏಳು ಮೃತದೇಹಗಳ 14 ಕಿವಿಗಳನ್ನು ಬಿಡಿಸಿ ನರಗಳನ್ನು ಹಿಂಬಾಲಿಸಿದರು. ಹಾಲೆ ಮತ್ತು ಹೊರ ಅಂಚಿಗೆ ಮುಖ್ಯವಾಗಿ ಕತ್ತಿನಿಂದ ಬರುವ ನರ. ಮುಂಭಾಗಕ್ಕೆ ಮುಖದ ಟ್ರೈಜೆಮಿನಲ್ ನರದ ಕವಲು. ಇನ್ನು ಕಿವಿಯ ತೂತಿನ ಮೇಲ್ಗಡೆ, ಬೆರಳ ತುದಿ ಕೂರುವಷ್ಟು ದೋಣಿಯಾಕಾರದ ಒಂದು ಗುಳಿ ಇದೆ. ಅಂಗರಚನಾ ಶಾಸ್ತ್ರದಲ್ಲಿ ಅದರ ಹೆಸರು ಸಿಂಬಾ ಕಾಂಕಾ. ಅವರು ನೋಡಿದ ಅಷ್ಟೂ ಕಿವಿಗಳಲ್ಲಿ ಆ ಗುಳಿಗೆ ಬಂದಿದ್ದುದು ವೇಗಸ್ ಮಾತ್ರ.

ಈ ಪುಟ್ಟ ಗುಳಿಯ ಸುತ್ತ ಈಗ ಒಂದು ಗಂಭೀರ ವಿಜ್ಞಾನವೇ ಬೆಳೆಯುತ್ತಿದೆ. ಕತ್ತಿನಲ್ಲಿ ವೇಗಸ್ ನರಕ್ಕೆ ತಂತಿ ಸುತ್ತಿ, ಎದೆಯ ಚರ್ಮದಡಿ ಬ್ಯಾಟರಿ ಇಟ್ಟು ಅಪಸ್ಮಾರ ಹತೋಟಿಗೆ ತರುವ ಸಾಧನಕ್ಕೆ ಅಮೆರಿಕದಲ್ಲಿ 1997ರಲ್ಲೇ ಮಂಜೂರಾತಿ ಸಿಕ್ಕಿತ್ತು. ಅದಕ್ಕೆ ಶಸ್ತ್ರಕ್ರಿಯೆ ಬೇಕು. ಕಿವಿಯಲ್ಲೇ ನರ ಸಿಗುವಾಗ ಕತ್ತು ಕೊಯ್ಯುವುದೇಕೆ ಎಂದು ಕೆಲವರು ಯೋಚಿಸಿದರು. 2015ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ 12 ಆರೋಗ್ಯವಂತರ ಆ ಗುಳಿಗೆ ಸಣ್ಣಗೆ ವಿದ್ಯುತ್ ಹರಿಸಿ ಎಂಆರ್‌ಐ ಯಂತ್ರದಲ್ಲಿ ಮಿದುಳನ್ನು ನೋಡಿದಾಗ, ವೇಗಸ್ ನರದ ಸುದ್ದಿ ಇಳಿಯುವ ಮಿದುಳಕಾಂಡದ ಕೇಂದ್ರ ಎಚ್ಚರಗೊಂಡಿತ್ತು. ಹಾಲೆಗೆ ಹರಿಸಿದಾಗ ಹಾಗಾಗಲಿಲ್ಲ. ಒಕ್ಲಹೋಮಾದ ಹೃದಯ ತಜ್ಞರು ಎದೆಬಡಿತದ ತಾಳ ತಪ್ಪುವ 53 ರೋಗಿಗಳನ್ನು ಎರಡು ಗುಂಪು ಮಾಡಿ, ಒಂದು ಗುಂಪಿಗೆ ಕಿವಿತೂತಿನ ಮುಂದಿರುವ ಪುಟ್ಟ ಮುಚ್ಚಳಕ್ಕೆ, ಅಂದರೆ ಟ್ರೇಗಸ್‌ಗೆ, ದಿನಕ್ಕೊಂದು ಗಂಟೆ ವಿದ್ಯುತ್ ಕೊಡಿಸಿದರು. ಇನ್ನೊಂದು ಗುಂಪಿಗೆ ಹಾಲೆಗೆ. 2020ರಲ್ಲಿ ಅವರು ಪ್ರಕಟಿಸಿದ ಪ್ರಕಾರ, ಆರು ತಿಂಗಳ ಹೊತ್ತಿಗೆ ಮೊದಲ ಗುಂಪಿನಲ್ಲಿ ತಾಳ ತಪ್ಪುವ ಅವಧಿ ಇನ್ನೊಂದಕ್ಕಿಂತ ಶೇ 85ರಷ್ಟು ಕಡಿಮೆ ಇತ್ತು.

ಹಾಗಾದರೆ ಮೆಂತ್ಯ ಗೆದ್ದಿತೇ? ತಡೆಯಿರಿ. ಇಲ್ಲಿ ಕೆಲಸ ಮಾಡಿದ್ದು ಅಳೆದು ಕೊಟ್ಟ ವಿದ್ಯುತ್, ಗಂಟೆಗಟ್ಟಲೆ, ತಿಂಗಳುಗಟ್ಟಲೆ. ಬೆರಳಲ್ಲಿ ಒಂದು ನಿಮಿಷ ಒತ್ತಿದರೆ ಅದೇ ಆಗುತ್ತದೆ ಎನ್ನುವುದು, ಕೊಡದಲ್ಲಿ ನೀರು ಹೊತ್ತು ತಂದು ಬೋರ್‌ವೆಲ್ ಕೊರೆಸಿದಷ್ಟೇ ಆಯಿತು ಎಂದ ಹಾಗೆ. ನೀರು ನಿಜ, ಅಳತೆ ಬೇರೆ.

ಅನಿಸುವುದನ್ನು ಅಳೆದವರು

ಇನ್ನು ಆ ‘ಆದಂಗೇ ಅನ್ಸುತ್ತೆ’ಗೆ ಬರೋಣ. ಮಂಡಿ ನೋವು ದಿನದಿನಕ್ಕೆ ಏರಿಳಿಯುತ್ತದೆ. ತಡೆಯಲಾರದಷ್ಟು ಆದ ದಿನವೇ ಜನ ಕಾಳು ಅಂಟಿಸಿಕೊಳ್ಳುವುದು. ತೀರ ಕೆಟ್ಟ ದಿನದ ಮರುದಿನ ಸಾಮಾನ್ಯವಾಗಿ ಅಷ್ಟು ಕೆಟ್ಟದಿರುವುದಿಲ್ಲ. ಶ್ರೇಯ ಕಾಳಿಗೆ ಸೇರುತ್ತದೆ. ಮಳೆಗಾಗಿ ಕಪ್ಪೆಗೆ ಮದುವೆ ಮಾಡಿದ ಊರಿನಲ್ಲಿ ವಾರದೊಳಗೆ ಮಳೆ ಬಂದರೆ ಪುಣ್ಯ ಕಪ್ಪೆಗೆ ಹೋಗುವ ಹಾಗೆ.

ಇದನ್ನು ಬೇರ್ಪಡಿಸಲು ಹೋಲಿಕೆಯ ಗುಂಪು ಬೇಕು. ಮಾತ್ರೆಯಾದರೆ ಸಕ್ಕರೆ ಮಾತ್ರೆ ಕೊಟ್ಟು ಹೋಲಿಸಬಹುದು. ಕಿವಿಗೆ ಸಕ್ಕರೆ ಮಾತ್ರೆ ಯಾವುದು? ತಪ್ಪು ಜಾಗ ಒತ್ತಬೇಕು. ಆದರೆ ಕಿವಿಯ ತುಂಬ ನರಗಳಿರುವಾಗ ತಪ್ಪು ಜಾಗವೂ ಪೂರ್ತಿ ಸುಮ್ಮನಿರುವುದಿಲ್ಲ. ಈ ಸಂಶೋಧನೆಗಳ ತಲೆನೋವೇ ಇದು.

ಆದರೂ ಮಾಡಿ ನೋಡಿದವರಿದ್ದಾರೆ. ಪೆಟ್ಟಾದ ಜಾಗವನ್ನು ಉಜ್ಜಿದರೆ ನೋವು ಯಾಕೆ ಇಳಿಯುತ್ತದೆ? ಉಜ್ಜಿದ ಸ್ಪರ್ಶದ ಸುದ್ದಿ ಬೆನ್ನುಹುರಿಯಲ್ಲಿ ನೋವಿನ ಸುದ್ದಿಗೆ ಬಾಗಿಲು ಹಾಕುತ್ತದೆ ಎಂದು 1965ರಲ್ಲಿ ಪ್ಯಾಟ್ರಿಕ್ ವಾಲ್ ಜೊತೆ ಸೇರಿ ಸಿದ್ಧಾಂತ ಕಟ್ಟಿದವರು ರೊನಾಲ್ಡ್ ಮೆಲ್ಜಾಕ್. ಕಿವಿ ಚಿಕಿತ್ಸೆ ನಿಜವಾಗಲಿ ಎಂದು ಬಯಸಲು ಅವರಿಗೆ ಕಾರಣವಿತ್ತು. 1984ರಲ್ಲಿ ಅವರೂ ಜೋಯೆಲ್ ಕ್ಯಾಟ್ಜ್ ಅವರೂ ದೀರ್ಘಕಾಲದ ನೋವಿನ 36 ರೋಗಿಗಳ ಕಿವಿಯ ‘ಸರಿ’ ಚುಕ್ಕಿ, ‘ತಪ್ಪು’ ಚುಕ್ಕಿ ಎರಡನ್ನೂ ವಿದ್ಯುತ್ತಿನಿಂದ ಪ್ರಚೋದಿಸಿ, ಇನ್ನೊಮ್ಮೆ ವಿದ್ಯುತ್ ಇಲ್ಲದೆ ಸುಮ್ಮನೆ ನಟಿಸಿ ನೋಡಿದರು. ಮೂರಕ್ಕೂ ವ್ಯತ್ಯಾಸ ಕಾಣಲಿಲ್ಲ. 2002ರಲ್ಲಿ ಅಮೆರಿಕದಲ್ಲಿ ಕೊಕೇನ್ ಚಟದ 620 ಜನರ ಮೇಲೆ ಕಿವಿಯ ಸೂಜಿ ಚಿಕಿತ್ಸೆಯನ್ನು ಒರೆಗೆ ಹಚ್ಚಿದಾಗಲೂ ಸರಿ ಜಾಗದ ಸೂಜಿ, ತಪ್ಪು ಜಾಗದ ಸೂಜಿ, ಸೂಜಿಯೇ ಇಲ್ಲದೆ ಮನಸ್ಸು ಸಡಿಲಿಸುವ ವಿಡಿಯೊ ಮೂರೂ ಒಂದೇ ಸಮ ಬಂದವು.

ಎಲ್ಲ ಫಲಿತಾಂಶವೂ ಹೀಗಿಲ್ಲ. 2003ರಲ್ಲಿ ಫ್ರಾನ್ಸಿನಲ್ಲಿ 90 ಕ್ಯಾನ್ಸರ್ ರೋಗಿಗಳ ಅಧ್ಯಯನದಲ್ಲಿ, ಕಿವಿಯ ಸರಿ ಚುಕ್ಕಿಗಳಿಗೆ ಸೂಜಿ ಚುಚ್ಚಿಸಿಕೊಂಡವರ ನೋವು ಎರಡು ತಿಂಗಳಲ್ಲಿ ಶೇ 36ರಷ್ಟು ಇಳಿಯಿತು. ಹೋಲಿಕೆಯ ಗುಂಪಿನಲ್ಲಿ ಇಳಿದದ್ದು ಶೇ 2 ಮಾತ್ರ. ಅದೇ ವರ್ಷ ವಿಯೆನ್ನಾದಲ್ಲಿ ಆಂಬುಲೆನ್ಸಿನಲ್ಲಿ ಹೋಗುತ್ತಿದ್ದವರ ಕಿವಿ ಒತ್ತಿದಾಗ ಆತಂಕ ಕಡಿಮೆಯಾಯಿತೆಂಬ ವರದಿಯೂ ಬಂತು. ಒಟ್ಟಿನಲ್ಲಿ ನೋಡಿದರೆ ನೋವು, ಆತಂಕ, ನಿದ್ದೆಗಳಲ್ಲಿ ಅಲ್ಲಲ್ಲಿ ಬೆಳಕಿನ ಕಿಂಡಿಗಳಿವೆ. ನಕ್ಷೆಯ ಚುಕ್ಕಿಯೇ ಕಾರಣ ಎಂಬುದಕ್ಕೆ ಗಟ್ಟಿ ಆಧಾರವಿಲ್ಲ.

ಈ ಗೋಜಲನ್ನು ಬಿಡಿಸುವ ಅಧ್ಯಯನವೊಂದು ಕಿವಿಯದಲ್ಲ, ಉಬ್ಬಸದ್ದು. ಧೂಳಿನ ಬೆಂಗಳೂರಿನಲ್ಲಿ ಇನ್‌ಹೇಲರ್ ಇಲ್ಲದ ಬೀದಿಯೇ ಕಡಿಮೆಯಾದ್ದರಿಂದ ನಮಗೆ ಹತ್ತಿರದ್ದೇ. 2011ರಲ್ಲಿ ಅಮೆರಿಕದ ವೈದ್ಯರು 39 ಉಬ್ಬಸ ರೋಗಿಗಳಿಗೆ ಬೇರೆ ಬೇರೆ ದಿನ ನಿಜವಾದ ಇನ್‌ಹೇಲರ್, ಔಷಧವಿಲ್ಲದ ಇನ್‌ಹೇಲರ್, ನಟನೆಯ ಆಕ್ಯುಪಂಕ್ಚರ್ ಕೊಟ್ಟರು. ಇನ್ನು ಕೆಲವು ದಿನ ಏನನ್ನೂ ಕೊಡಲಿಲ್ಲ. ‘ಹೇಗನಿಸುತ್ತಿದೆ?’ ಎಂದು ಕೇಳಿದರೆ ಮೊದಲ ಮೂರಕ್ಕೂ ಬಹುತೇಕ ಒಂದೇ ಉತ್ತರ: ಶೇ 50, 45, 46ರಷ್ಟು ಸುಧಾರಣೆ. ಏನೂ ಕೊಡದ ದಿನ ಶೇ 21. ಆಮೇಲೆ ಯಂತ್ರದೊಳಗೆ ಊದಿಸಿ ಶ್ವಾಸಕೋಶದ ಬಲ ಅಳೆದರು. ನಿಜವಾದ ಇನ್‌ಹೇಲರಿಗೆ ಶೇ 20ರಷ್ಟು ಹೆಚ್ಚಳ. ಉಳಿದ ಮೂರಕ್ಕೂ ಶೇ 7ರ ಆಸುಪಾಸು. ಅನಿಸಿಕೆ ಸುಧಾರಿಸಿತ್ತು, ಉಸಿರ್ನಾಳ ಸುಧಾರಿಸಿರಲಿಲ್ಲ.

ನಾನು ಈ ಅಧ್ಯಾಯದಲ್ಲಿ ಹೇಳಲು ಹೊರಟದ್ದು ಇಷ್ಟೇ. ಕೆಲವು ತೊಂದರೆಗಳು ಅನಿಸಿಕೆಯಿಂದಲೇ ಆಗಿವೆ. ನೋವು, ಆತಂಕ, ಕಿರಿಕಿರಿ, ನಿದ್ದೆ ಬಾರದ ಹೊರಳಾಟ. ನೋವು ಕಮ್ಮಿ ಆದಂಗೆ ಅನಿಸಿದರೆ ಕಮ್ಮಿ ಆದಂತೆಯೇ ಸರಿ, ಏಕೆಂದರೆ ಅನಿಸುವುದಕ್ಕಿಂತ ಆಚೆ ನೋವು ಎಂಬುದಿಲ್ಲ. ಇನ್ನು ಕೆಲವು ಕಾಯಿಲೆಗಳಿಗೆ ನಿಮ್ಮ ಅನಿಸಿಕೆಯ ಹಂಗಿಲ್ಲ. ರಕ್ತದೊತ್ತಡ, ಸಕ್ಕರೆ, ಉಬ್ಬಸ, ರಕ್ತನಾಳದ ಅಡಚಣೆ. ಅವು ಮೀಟರಿನ ಮಾತನ್ನು ಮಾತ್ರ ಕೇಳುತ್ತವೆ. ಕಿವಿ ಒತ್ತುವುದು ಮೊದಲ ಪಟ್ಟಿಗೆ ಸರಿ. ಎರಡನೆಯ ಪಟ್ಟಿಗೆ ಅದನ್ನು ನಂಬಿ ಕೂತರೆ ನಮ್ಮ ಕಿವಿಗೆ ನಾವೇ ಹೂವಿಟ್ಟುಕೊಂಡಂತೆ.

ಗಣಪತಿಯ ಮುಂದೆ, ಮೇಷ್ಟ್ರ ಮುಂದೆ

ಕಿವಿ ಮುಟ್ಟುವ ಅಭ್ಯಾಸಕ್ಕೆ ನಾವು ಫ್ರಾನ್ಸಿಗೇನೂ ಹೋಗಬೇಕಿಲ್ಲ. ಸೋದರಮಾವನ ತೊಡೆಯ ಮೇಲೆ ಕೂರಿಸಿ ಮಗುವಿಗೆ ಕಿವಿ ಚುಚ್ಚಿಸುತ್ತೇವೆ. ಸುಶ್ರುತ ಸಂಹಿತೆ ಇದಕ್ಕೆ ರಕ್ಷೆ, ಅಲಂಕಾರ ಎಂಬ ಎರಡು ಕಾರಣ ಕೊಡುತ್ತದೆ. ಹರಿದ ಕಿವಿಹಾಲೆಯನ್ನು ಮತ್ತೆ ಕೂಡಿಸಲು 15 ಬಗೆಯ ಜೋಡಣೆಗಳನ್ನೂ ವಿವರಿಸುತ್ತದೆ. ಪ್ಲಾಸ್ಟಿಕ್ ಸರ್ಜರಿಯ ಚರಿತ್ರೆಕಾರರು ತಲೆಬಾಗುವುದು ಈ ಜೋಡಣೆಗಳಿಗೆ.

ಇನ್ನು ಬಸ್ಕಿ. ಎಡಗೈಯಲ್ಲಿ ಬಲಗಿವಿ, ಬಲಗೈಯಲ್ಲಿ ಎಡಗಿವಿ ಹಿಡಿದು ಗಣಪತಿಯ ಮುಂದೆ ಕೂತು ಏಳುವುದು. ಹಲಸೂರು, ಕೃಷ್ಣರಾಜಪುರಗಳ ತಮಿಳು ಮನೆಗಳಲ್ಲಿ ಇದಕ್ಕೆ ತೋಪ್ಪುಕ್ಕರಣಂ ಎನ್ನುತ್ತಾರೆ. ಗುಡಿಯಲ್ಲಿ ಭಕ್ತಿಯಾದದ್ದು ಶಾಲೆಯಲ್ಲಿ ಶಿಕ್ಷೆಯಾಗಿತ್ತು. 2009ರ ಶಿಕ್ಷಣ ಹಕ್ಕು ಕಾಯ್ದೆ ದೈಹಿಕ ಶಿಕ್ಷೆಯನ್ನು ನಿಷೇಧಿಸಿದ ಮೇಲೆ ಮೇಷ್ಟ್ರು ಕಿವಿ ಹಿಂಡುವಂತಿಲ್ಲ. ಅಷ್ಟರಲ್ಲಿ ಇದೇ ಬಸ್ಕಿ ‘ಸೂಪರ್ ಬ್ರೇನ್ ಯೋಗ’ ಎಂಬ ಹೊಸ ಅಂಗಿ ತೊಟ್ಟು ಹೊರದೇಶಗಳಿಂದ ಮರಳಿ ಬಂತು.

ಬೆಂಗಳೂರಿನ ಎಸ್-ವ್ಯಾಸ ಯೋಗ ವಿಶ್ವವಿದ್ಯಾಲಯದ ಸಂಶೋಧಕರು ಇದನ್ನು ಪರೀಕ್ಷೆಗೆ ಒಡ್ಡಿ 2014ರಲ್ಲಿ ಪ್ರಕಟಿಸಿದರು. 30 ವಿದ್ಯಾರ್ಥಿಗಳು, ಮೂರು ಬೇರೆ ದಿನಗಳು. ಒಂದು ದಿನ ಬಸ್ಕಿ ಇಲ್ಲದೆ, ಒಂದು ದಿನ ಬರೀ ಬಸ್ಕಿ, ಇನ್ನೊಂದು ದಿನ ಕಿವಿ ಹಿಡಿದ ಬಸ್ಕಿ. ಒಂದೇ ತೆರನಾಗಿ ಕಾಣುವ ಅಕ್ಷರಗಳ ಸಾಲಿನಲ್ಲಿ ಬೇಕಾದ್ದನ್ನು ಮಾತ್ರ ಗುರುತಿಸುವ ಪರೀಕ್ಷೆ ಕೊಟ್ಟರು. ಕಿವಿ ಹಿಡಿದ ಬಸ್ಕಿಯ ನಂತರ ಏಕಾಗ್ರತೆ ಹೆಚ್ಚಿತು, ಆತಂಕ ಇಳಿಯಿತು ಎಂದು ಬರೆದಿದ್ದಾರೆ. ಬರೀ ಬಸ್ಕಿಯ ದಿನವನ್ನು ಸೇರಿಸಿದ್ದು ಜಾಣತನ. ಆದರೆ ತಾನು ಕಿವಿ ಹಿಡಿದಿದ್ದೇನೋ ಇಲ್ಲವೋ ಎಂಬುದು ಹಿಡಿದವನಿಗೆ ಗೊತ್ತೇ ಇರುತ್ತದೆ. ಬಸ್ಕಿಯಿಂದ ಬುದ್ಧಿ ಬರುತ್ತದೆ ಎಂದು ಚಿಕ್ಕಂದಿನಿಂದ ಕೇಳಿದವನ ನಂಬಿಕೆಯನ್ನು ಪರೀಕ್ಷೆಯಿಂದ ಹೊರಗಿಡುವುದು ಹೇಗೆ? 30 ಜನರ ಅಧ್ಯಯನ ಬಾಗಿಲು ತಟ್ಟಿದಂತೆ, ಒಳಗೆ ಕಾಲಿಟ್ಟಂತಲ್ಲ.

ನನಗೆ ಇವೆಲ್ಲಕ್ಕಿಂತ ಹಿಡಿಸಿದ್ದು ಭ್ರಾಮರಿ. ಎರಡೂ ಟ್ರೇಗಸ್‌ಗಳನ್ನು ಬೆರಳಿನಿಂದ ಒತ್ತಿ ಕಿವಿ ಮುಚ್ಚಿ, ದುಂಬಿಯಂತೆ ಮ್‌ಮ್‌ ಎನ್ನುತ್ತ ಉಸಿರನ್ನು ಉದ್ದಕ್ಕೆ ಬಿಡುವುದು. ಇದರಲ್ಲಿ ಕಿವಿಯ ಪಾತ್ರ ಎಷ್ಟೋ, ಉಸಿರಿನದು ಮಾತ್ರ ಖಚಿತ. ಉಸಿರು ಬಿಡುವಾಗ ವೇಗಸ್ ನರ ಹೃದಯದ ಮೇಲೆ ಹಿಡಿತ ಬಿಗಿಮಾಡುತ್ತದೆ, ಬಡಿತ ನಿಧಾನವಾಗುತ್ತದೆ. ನಂಬಿಕೆ ಬಾರದಿದ್ದರೆ ಈಗಲೇ ಮಣಿಕಟ್ಟಿನ ನಾಡಿ ಹಿಡಿದು ನಿಧಾನಕ್ಕೆ ಉಸಿರೆಳೆದು, ಅದಕ್ಕಿಂತ ನಿಧಾನಕ್ಕೆ ಬಿಡಿ. ಎಳೆಯುವಾಗ ಬಡಿತಗಳು ಒತ್ತೊತ್ತಾಗಿ, ಬಿಡುವಾಗ ಬಿಡಿಬಿಡಿಯಾಗಿ ಬರುವುದು ಬೆರಳಿಗೆ ಗೊತ್ತಾಗುತ್ತದೆ. ಎಳೆಯರಲ್ಲಿ ಇದು ಇನ್ನೂ ಸ್ಪಷ್ಟ.

ಮನೆಯಲ್ಲಿ ಮಾಡುವುದಾದರೆ

ಉಗುರು ಕತ್ತರಿಸಿ, ಕೈ ತೊಳೆದುಕೊಳ್ಳಿ. ಬೆನ್ನಿಗೆ ಆಸರೆ ಕೊಟ್ಟು ಕೂರಿ. ತೋರುಬೆರಳಿನ ತುದಿಯನ್ನು ಮೊದಲು ಕಿವಿಯ ಮೇಲ್ಭಾಗದ ತ್ರಿಕೋನದ ತಗ್ಗಿಗೆ ಇಡಿ. ನಕ್ಷೆಗಳಲ್ಲಿ ಮನಸ್ಸು ತಣಿಸುವ ಶೆನ್‌ಮೆನ್ ಎಂಬ ಚುಕ್ಕಿ ಇರುವುದು ಇಲ್ಲೇ. ಆಮೇಲೆ ಕಿವಿತೂತಿನ ಮೇಲ್ಗಡೆಯ ದೋಣಿಗುಳಿ. ಆಮೇಲೆ ಟ್ರೇಗಸ್. ಕೊನೆಗೆ ಹೆಬ್ಬೆರಳು, ತೋರುಬೆರಳ ನಡುವೆ ಅಂಚನ್ನು ಹಿಡಿದು ಮೇಲಿನಿಂದ ಹಾಲೆಯವರೆಗೆ ಇಳಿಯಿರಿ. ಒಂದೊಂದು ಜಾಗಕ್ಕೆ ಒಂದು ನಿಮಿಷ. ಕೃಷ್ಣರಾಜಪುರದ ಸಂತೆಯಲ್ಲಿ ಟೊಮೆಟೊ ಹಣ್ಣಾಗಿದೆಯೇ ಎಂದು ಒತ್ತಿ ನೋಡುತ್ತೀರಲ್ಲ, ಅಷ್ಟೇ ಒತ್ತಡ. ಅದಕ್ಕಿಂತ ಹೆಚ್ಚಾದರೆ ಅಂಗಡಿಯವನೂ ಬೈಯುತ್ತಾನೆ, ಕಿವಿಯೂ ಬೈಯುತ್ತದೆ. ಉಸಿರು ಬಿಡುವುದು ಎಳೆಯುವುದಕ್ಕಿಂತ ಉದ್ದ ಇರಲಿ. ಫೋನು ಇನ್ನೊಂದು ಕೋಣೆಯಲ್ಲಿರಲಿ. ಈ ಐದಾರು ನಿಮಿಷದ ಬಿಡುವೇ ಅರ್ಧ ಮದ್ದು.

ನಿಜಕ್ಕೂ ಚುಕ್ಕಿಯಿಂದಲೇ ಗುಣವೇ ಎಂಬ ಅನುಮಾನವಿದ್ದರೆ ಮನೆಯಲ್ಲೇ ಒಂದು ಪುಟ್ಟ ಪ್ರಯೋಗ ಮಾಡಬಹುದು. ದಿನಾ ರಾತ್ರಿ ನಿಮಗಾಗಿ ಮನೆಯವರು ಯಾರಾದರೂ ನಾಣ್ಯ ಚಿಮ್ಮಲಿ. ತಲೆ ಬಿದ್ದರೆ ತ್ರಿಕೋನದ ತಗ್ಗು, ಇನ್ನೊಂದು ಬಿದ್ದರೆ ಹಾಲೆ ಒತ್ತಲಿ. ಯಾವುದು ಚಿಕಿತ್ಸೆಯ ಜಾಗ ಎಂಬುದು ನಿಮಗೆ ಗೊತ್ತಿರಬಾರದು. ಆದ್ದರಿಂದ ಈ ಅಧ್ಯಾಯ ಓದದವರ ಮೇಲೆ ಪ್ರಯೋಗ ಮಾಡುವುದು ಇನ್ನೂ ಒಳ್ಳೆಯದು! ಬೆಳಗ್ಗೆ ಎದ್ದು ನಿದ್ದೆಗೆ ಹತ್ತಕ್ಕೆ ಎಷ್ಟು ಅಂಕ ಎಂದು ಕ್ಯಾಲೆಂಡರಿನ ಮೇಲೆ ಬರೆಯಲಿ. ತಿಂಗಳ ಕೊನೆಗೆ ಎರಡೂ ಬಗೆಯ ದಿನಗಳ ಸರಾಸರಿ ತೆಗೆಯಿರಿ. ಎರಡೂ ಒಂದೇ ಸಮ ಬಂದು, ನಿದ್ದೆ ಮೊದಲಿಗಿಂತ ಚೆನ್ನಾಗಿದ್ದರೆ ಬೇಸರಿಸಬೇಡಿ. ಚುಕ್ಕಿ ಸೋತಿದೆ, ಮಲಗುವ ಮುಂಚೆ ಯಾರೋ ಕಿವಿ ನೀವುವ ಸುಖ ಗೆದ್ದಿದೆ.

ಕಾಳು ಅಂಟಿಸುವವರಿಗೆ ಒಂದೆರಡು ಮಾತು. ಎರಡು ಮೂರು ದಿನಕ್ಕಿಂತ ಹೆಚ್ಚು ಬಿಡಬೇಡಿ. ಒದ್ದೆಯಾದ ಪ್ಲಾಸ್ಟರಿನಡಿ ಚರ್ಮ ಕೊಳೆಯುತ್ತದೆ. ಹಾಲೆಯೊಂದನ್ನು ಬಿಟ್ಟು ಉಳಿದ ಹೊರಕಿವಿಯೆಲ್ಲ ಮೃದ್ವಸ್ಥಿ. ಅದರೊಳಗೆ ರಕ್ತನಾಳಗಳಿಲ್ಲ, ಮೇಲಿನ ತೆಳು ಪೊರೆಯೇ ಅದನ್ನು ಸಾಕಬೇಕು. ಆ ಪೊರೆಗೆ ಸೋಂಕು ತಗುಲಿದರೆ ಕಿವಿಯ ಆಕಾರವೇ ಮುದುಡಿಹೋಗಬಹುದು. ಆದ್ದರಿಂದ ಮನೆಯಲ್ಲಿ ಸೂಜಿ ಚುಚ್ಚುವ ಮಾತೇ ಬೇಡ. ಸಕ್ಕರೆ ಕಾಯಿಲೆಯವರು ಇನ್ನೂ ಎಚ್ಚರವಾಗಿರಬೇಕು. ಬಸುರಿಯರು ವೈದ್ಯರನ್ನು ಕೇಳದೆ ಮಾಡಬಾರದು.

ಪುಟ್ಟ ಮಕ್ಕಳಿರುವ ಮನೆಯಲ್ಲಂತೂ ಕಾಳು ಬೇಡವೇ ಬೇಡ. ಪ್ಲಾಸ್ಟರ್ ಸಡಿಲವಾಗಿ ಬಿದ್ದ ಮೆಂತ್ಯ ಮಗುವಿನ ಕೈಗೆ ಸಿಕ್ಕರೆ ನೇರ ಮೂಗಿಗೆ, ಇಲ್ಲವೇ ಕಿವಿಯ ತೂತಿಗೆ. ರಾತ್ರಿ ನೆನೆಹಾಕಿದ ಮೆಂತ್ಯ ಬೆಳಗ್ಗೆ ಎಷ್ಟು ದಪ್ಪಗಾಗಿರುತ್ತದೆ, ಅಡುಗೆ ಮಾಡುವವರಿಗೆ ಗೊತ್ತು. ಕಿವಿಯೊಳಗೂ ಅದು ಹಾಗೇ ಊದಿಕೊಳ್ಳುತ್ತದೆ. ಅಂಥ ಹೊತ್ತಲ್ಲಿ ನೀರು ಬಿಡಬೇಡಿ, ಹೇರ್‌ಪಿನ್ನು ಹಾಕಿ ಕೆದಕಬೇಡಿ. ಕಿವಿ–ಮೂಗು–ಗಂಟಲು ವೈದ್ಯರ ಹತ್ತಿರ ಕರೆದೊಯ್ಯಿರಿ.

ಎದೆನೋವು, ಒಂದು ಪಕ್ಕದ ಕೈಕಾಲು ಸೋಲುವುದು, ಮಾತು ತೊದಲುವುದು ಕಂಡರೆ ಕಿವಿ ಒತ್ತುತ್ತ ಕೂರುವ ಸಮಯವಲ್ಲ ಅದು. ಬೆಳಗ್ಗೆ ಎದ್ದಾಗ ಒಂದು ಕಿವಿ ಇದ್ದಕ್ಕಿದ್ದಂತೆ ಕೇಳಿಸದೆ ಹೋದರೂ ಅಂದೇ ವೈದ್ಯರಿಗೆ ತೋರಿಸಬೇಕು. ದಿನಗಳು ಕಳೆದಷ್ಟೂ ಕೇಳುವ ಶಕ್ತಿ ಮರಳುವ ಸಾಧ್ಯತೆ ಇಳಿಯುತ್ತದೆ. ಬಿಪಿ, ಶುಗರ್ ಮಾತ್ರೆಗಳನ್ನು ಮೆಂತ್ಯದ ಭರವಸೆಯಲ್ಲಿ ನಿಲ್ಲಿಸಬೇಡಿ.

ಕಿವಿಗೆ ಮಾಡಬಹುದಾದ ಇನ್ನೊಂದು ಉಪಕಾರವಿದೆ, ಅದು ಯಾವ ನಕ್ಷೆಯಲ್ಲೂ ಇಲ್ಲ. ನಮ್ಮ ದೇಶದ ಶಬ್ದ ಮಾಲಿನ್ಯ ನಿಯಮಗಳು ವಸತಿ ಪ್ರದೇಶಕ್ಕೆ ಹಗಲು 55, ರಾತ್ರಿ 45 ಡೆಸಿಬೆಲ್ ಮಿತಿ ಹಾಕಿವೆ. ಕೃಷ್ಣರಾಜಪುರದ ತೂಗುಸೇತುವೆಯ ಬುಡದಲ್ಲಿ ಸಂಜೆ ಒಂದು ನಿಮಿಷ ನಿಂತವರಿಗೆ ಈ ಅಂಕಿ ಓದಿ ನಗು ಬರುತ್ತದೆ. ಹಾರ್ನಿನ ಸದ್ದಿಗೆ ಎದೆಬಡಿತ ಏರುವುದಕ್ಕೆ ನಂಬಿಕೆಯ ನೆರವು ಬೇಕಿಲ್ಲ. ಬೀದಿಯ ಕಡೆಯ ಕಿಟಕಿ ಮುಚ್ಚಿ ಮಲಗುವುದು, ಇಯರ್‌ಫೋನಿನ ಸದ್ದು ತಗ್ಗಿಸುವುದು, ಹಸಿರು ದೀಪಕ್ಕೆ ಮುಂಚೆ ಹಾರ್ನ್ ಒತ್ತದಿರುವುದು ಇವೂ ಕಿವಿಯ ಚಿಕಿತ್ಸೆಗಳೇ. ಕೊನೆಯದರಲ್ಲಿ ಒತ್ತದಿರುವುದೇ ಮದ್ದು, ಗುಣವಾಗುವುದು ಮುಂದಿನವನ ಕಿವಿಗೆ.

ಮಂಡಿಯ ಅಕ್ಕನಿಗೆ ಅಂದು ನಾನು ಇಷ್ಟೆಲ್ಲ ಹೇಳಲಿಲ್ಲ. ಇಂದಿರಾನಗರ ಬರುವಷ್ಟರಲ್ಲಿ ಹೇಳಿ ಮುಗಿಯುವ ಕಥೆಯೂ ಅಲ್ಲ. ಹೇಳಿದ್ದು ಒಂದೇ: ಕಾಳು ಒತ್ತಿಕೊಳ್ಳುವಾಗಲೆಲ್ಲ ಕುರ್ಚಿಯಲ್ಲಿ ಕೂತು ಆ ಕಾಲನ್ನು ನೇರಕ್ಕೆ ಎತ್ತಿ, ಐದು ಎಣಿಸಿ, ಇಳಿಸಿ. ಹತ್ತು ಸಲ. ತೊಡೆಯ ಸ್ನಾಯು ಗಟ್ಟಿಯಾದರೆ ಸವೆದ ಮಂಡಿಯ ಮೇಲಿನ ಹೊರೆ ಇಳಿಯುತ್ತದೆ. ಅದಕ್ಕೆ ಹಳಿ ಇದೆ.

“ಕಾಳು ತೆಗೆದ್ಬಿಡ್ಲಾ ಹಂಗಾದ್ರೆ?” ಎಂದರು.

“ಬೇಡಕ್ಕಾ, ಇರ್ಲಿ. ಕಾಲು ಎತ್ತೋದು ನೆನಪಾಗ್ಬೇಕಲ್ಲ.”